ಆತಂಕ ಹೊರುವಾಕೆ

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚುವ ಮೊದಲೇ ವಾರಿಜ ತನ್ನ ಆತಂಕವನ್ನು ದೇವೀರಮ್ಮನಿಗೆ ಒಪ್ಪಿಸಿಬಿಟ್ಟಿದ್ದಳು. ಅಂಗೈಗೆ ಅಂಗೈ ಒತ್ತಿದರೆ ಆಯಿತು. ಆಸ್ಪತ್ರೆಯಲ್ಲಿ ಆಯಾಗಳಿದ್ದ ಹಾಗೆ ಆತಂಕ ಹೊರುವವರೂ ಇರುವಾಗ, ಯಾರು ತಾನೇ ಸ್ವಂತ ಎದೆಯಲ್ಲಿ ಹೆದರುತ್ತ ಕೂರುತ್ತಾರೆ?

ಒಳಗೆ ವಾರಿಜಳ ಮಗಳ ಪುಟ್ಟ ಎದೆಯನ್ನು ಕೊಯ್ದಿದ್ದರು. ಹೊರಗೆ ಬೆಂಚಿನ ಮೇಲೆ ದೇವೀರಮ್ಮನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬೆವರಿಗೆ ರವಿಕೆ ತೊಯ್ದಿತ್ತು, ಆಗಲೇ ಒಮ್ಮೆ ವಾಂತಿ ಮಾಡಲು ಎದ್ದು ಓಡಿದ್ದಳು. ವಾರಿಜ ಪಕ್ಕದಲ್ಲೇ ಕೂತು ಚಿತ್ರಾನ್ನ ತಿಂದಳು. ಉಪ್ಪು ಕಮ್ಮಿ ಅನ್ನಿಸಿತು, ಅಷ್ಟೇ.

"ಜೀವ ಬಾಯಿಗೆ ಬಂದೈತೆ ಕಣವ್ವ," ಎಂದಳು ದೇವೀರಮ್ಮ. "ಮಗೀಗೆ ಏನೂ ಆಗಬಾರ್ದು."

"ನೀರು ಕುಡೀರಿ," ಎಂದಳು ವಾರಿಜ.

ಬಾಗಿಲು ತೆರೆಯಿತು. ಹೊಸದಾಗಿ ಸೇರಿದ್ದ ಡಾಕ್ಟರಮ್ಮ ಇಬ್ಬರನ್ನೂ ನೋಡಿ, ನೇರ ದೇವೀರಮ್ಮನ ಬಳಿ ಹೋಗಿ ಭುಜ ಹಿಡಿದುಕೊಂಡರು.

"ನಿಮ್ಮ ಮಗು ಪಾರಾಯ್ತಮ್ಮ, ಇನ್ನು ಹೆದರಬೇಡಿ."

ದೇವೀರಮ್ಮ ಗೊಳೋ ಎಂದು ಅತ್ತುಬಿಟ್ಟಳು.

ಡಾಕ್ಟರಮ್ಮ ಆಮೇಲೆ ವಾರಿಜಳತ್ತ ತಿರುಗಿದರು. "ನೀವು ಮಗುವಿಗೆ ಏನಾಗಬೇಕು?"

ಡಬ್ಬಿಯ ಮುಚ್ಚಳ ಹಾಕುತ್ತಿದ್ದ ವಾರಿಜ ಒಂದು ಗಳಿಗೆ ಯೋಚಿಸಬೇಕಾಯಿತು.