ಬೆನ್ನಿನ ವಾಚನ

“ನನ್ನ ಬೆನ್ನೊಳಗೆ ಅಂಥಾದ್ದೇನಪ್ಪ ಬರೆದಿದೆ?” ಆಸ್ಪತ್ರೆಯ ವಾಚನದ ಹಾಲ್‌ನಲ್ಲಿ ಕೂತ ರತ್ನಾವತಿ ಯಾರನ್ನೂ ನೋಡದೆ ಕೇಳಿದಳು.

ಸ್ಕ್ಯಾನ್ ಯಂತ್ರ ಎಲ್ಲರಿಗೂ ಕೊಡುವಂತೆ ಅವಳಿಗೂ ಹಳಗನ್ನಡದ ಪದ್ಯದಲ್ಲೇ ವರದಿ ಕೊಟ್ಟಿತ್ತು. ಅದನ್ನು ಗಮಕಿ ಹಾಡಬೇಕು, ಕೊನೆಗೆ ವ್ಯಾಖ್ಯಾನಕಾರ ಶಾಂತರಾಜಯ್ಯನವರು ಅರ್ಥ ಹೇಳಬೇಕು. ಅಲ್ಲಿಯವರೆಗೆ ರೋಗಿ ಚಕ್ಕಳಮಕ್ಕಳ ಹಾಕಿ ಕೂತಿರಬೇಕು. ನಡುವೆ ಎದ್ದವರಿಗೂ ಒರಗಿದವರಿಗೂ ಅರ್ಥ ಹೇಳುವುದಿಲ್ಲ.

ಗಮಕಿ ದುಃಖದ ಮುಖಾರಿ ರಾಗಕ್ಕೆ ಇಳಿದಾಗ ರತ್ನಾವತಿಯ ಎದೆ ಧಸಕ್ಕೆಂದಿತು. ಮೋಹನಕ್ಕೆ ಏರಿದಾಗ ಹೋದ ಜೀವ ಬಂತು. ಮತ್ತೆ ಮುಖಾರಿ. ಸುತ್ತಲಿನವರು “ಆಹಾ!” ಎಂದು ತಲೆದೂಗಿದರು. ಸೊಂಟದಿಂದ ಹಿಮ್ಮಡಿಯವರೆಗೆ ಕೆಂಡ ಹರಿದಂತಾಗಿ, ಕೊನೆಯ ಪದ್ಯಕ್ಕೆ ಮುಂಚೆಯೇ ಅವಳು ಜಮಖಾನದ ಮೇಲೆ ಉರುಳಿಬಿಟ್ಟಳು.

“ನನ್ನ ಮಂಡಿ ಪದ್ಯ ಇದರ ಎರಡರಷ್ಟು ಉದ್ದ ಇತ್ತು ಕಣಮ್ಮ, ನಾನು ಮಿಸುಕಲಿಲ್ಲ,” ಎಂದಳು ಪಕ್ಕದ ಮುದುಕಿ.

ಶಾಂತರಾಜಯ್ಯನವರು ಹಾಳೆ ಮಡಿಸಿದರು.

“ಸ್ವಾಮಿ, ಬೆನ್ನುನೋವಿನೋಳು ಕೂರೋದಾದ್ರೂ ಹೆಂಗೆ? ಅರ್ಥವೆಲ್ಲಾ ಬೇಡ. ಆಪರೇಷನ್ ಮಾಡಿಸ್ಬೇಕೋ, ತಾನಾಗೇ ವಾಸಿಯಾಗುತ್ತೋ, ಅಷ್ಟು ಹೇಳಿ. ತಡ ಮಾಡಿದ್ರೆ ಕಾಲೇ ಸ್ವಾಧೀನ ತಪ್ಪುತ್ತಂತೆ!”

“ನನಗೆ ಎಲ್ಲಾ ಗೊತ್ತಾಗಿದೆ ತಾಯಿ,” ಎಂದರು ಅವರು, ಅವಳ ಕಾಲುಗಳನ್ನೇ ಕರುಣೆಯಿಂದ ನೋಡುತ್ತಾ. “ಹೇಳೋದಿಲ್ಲ.”