ಹಳೇ ಯಂತ್ರದ ಕೊನೆಯ ಮಾತು

ಊರಿಗೆ ನೀರು ಬಿಡುವ ಹಳೆಯ ಕಂಪ್ಯೂಟರ್ ಬೆಳಿಗ್ಗೆ ದಿಢೀರನೆ ನಿಂತುಹೋಗಿತ್ತು. ಅಜ್ಜಿ ಕತೆಯಲ್ಲಿ ಸಾಯುವಾಗ ಗುಟ್ಟು ಹೇಳುವ ಗಿಣಿಯ ಹಾಗೆ, ಪ್ರಾಣ ಬಿಡುವ ಮುನ್ನ ನೆನಪಿನಲ್ಲಿದ್ದದ್ದನ್ನೆಲ್ಲ ಒಂದು ಫೈಲಿಗೆ ಸುರಿದಿತ್ತು. ಅದನ್ನು ಓದಿದ ಹೊಸ ತಂತ್ರಾಂಶ, ತಪ್ಪಿರುವುದು ಆ ಯಂತ್ರದ ಪ್ರೋಗ್ರಾಮಿನಲ್ಲಿ ಕಚೇರಿಯ ಹುಡುಗ ಫಕೀರೇಶ ಬರೆದ ಭಾಗದಲ್ಲಿ ಎಂದಿತು.

ಸಾಹೇಬರು ಆಗಲೇ ಅವನನ್ನು ಕೆಲಸದಿಂದ ತೆಗೆಯುವ ಪತ್ರ ಟೈಪ್ ಮಾಡುತ್ತಿದ್ದರು. ಅವನು ಬಾಗಿಲ ಬಳಿ ತಲೆತಗ್ಗಿಸಿ ನಿಂತಿದ್ದ.

“ಸರ್, ಹೊಸ ತಂತ್ರಾಂಶ ಆ ಫೈಲನ್ನ ಓದಿರೋ ರೀತಿಯೇ ತಪ್ಪು,” ಎಂದಳು ಅವನ ಪಕ್ಕದ ಮೇಜಿನವಳು. “ಹಳೇ ಯಂತ್ರ ತನ್ನ ನೆನಪಿನ ಒಂದೊಂದು ಜಾಗದ ವಿಳಾಸಾನೂ ನಾಲ್ಕು ಬೈಟ್‌ನಲ್ಲಿ ಬರೆಯುತ್ತೆ. ಹೊಸದು ಎಂಟು ಅಂದ್ಕೊಂಡು ಎರಡೆರಡನ್ನ ಅಂಟಿಸಿ ಓದಿದೆ. ಅದಕ್ಕೇ ತಪ್ಪು ಜಾಗ ತೋರಿಸ್ತಿದೆ.”

“ನೀನೇನು ಅವನ ವಕೀಲಳಾ?”

“ಹಳೇ ಅಳತೆಯಲ್ಲೇ ಓದಿಸ್ತೀನಿ. ಹತ್ತು ನಿಮಿಷ ಕೊಡಿ.”

“ಐದು. ಮೇಲಿನವರು ಕಾಯ್ತಿದಾರೆ. ಯಾರದಾದ್ರೂ ಒಂದು ಹೆಸರಿಲ್ಲದೆ ಈ ಪತ್ರ ಇಲ್ಲಿಂದ ಹೋಗಲ್ಲ.”

“ಬಿಡಕ್ಕಾ, ನನ್ನ ಹಣೆಬರಹ,” ಎಂದ ಫಕೀರೇಶ.

“ಸುಮ್ನಿರೋ!”

ಅವಳು ತಂತ್ರಾಂಶಕ್ಕೆ ನಾಲ್ಕು ಬೈಟ್‌ನ ಹಳೆಯ ಅಳತೆ ಕೊಟ್ಟಳು. ಅಂಟಿಕೊಂಡಿದ್ದ ವಿಳಾಸಗಳು ಬಿಡಿಬಿಡಿಯಾಗಿ ಪರದೆಗೆ ಇಳಿದವು. ಯಾವ ಭಾಗ ಕೆಟ್ಟಿತು, ಅದನ್ನು ಬರೆದವರು ಯಾರು ಎಂಬುದು ಕೊನೆಯ ಸಾಲಿನಲ್ಲಿತ್ತು. ಅದನ್ನು ಅವಳು ಎರಡು ಸಲ ಓದಿದಳು.

“ಏನನ್ನುತ್ತೆ ನಿನ್ನ ಯಂತ್ರ? ಇವನದೇ ತಾನೇ?”

“ಅಲ್ಲ ಸರ್.”

ಫಕೀರೇಶ ಗೋಡೆಗೊರಗಿ ಕಣ್ಣು ಮುಚ್ಚಿದ. ಸಾಹೇಬರು ಪತ್ರದಲ್ಲಿದ್ದ ಹೆಸರನ್ನು ಅಳಿಸಿದರು.

“ಮತ್ತೆ ಯಾರ ಹೆಸರು ಹಾಕ್ಲಿ?”

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು.

“ನನ್ನದು ಹಾಕಿ, ಸರ್.”