ಶಿವಾಜಿನಗರಕ್ಕೆ ಬಂದ ಫ್ರಾನ್ಸಿನ ದೊರೆಗಳು

ಮತ್ತೆ ಶುರುವಾಯಿತು ಫ್ರಾನ್ಸಿನ ಪುರಾಣ. ಮುಬೀನ್ ಹಲ್ಲು ಕಡಿಯುತ್ತ ಶೇರ್ವಾನಿ ಬಟ್ಟೆಗೆ ಕತ್ತರಿ ಹಾಕಿದ.

ಶಿವಾಜಿನಗರದ ಈ ಟೈಲರ್ ಅಂಗಡಿಯಲ್ಲಿ ಅವನ ಅರ್ಧ ಆಯುಷ್ಯ ಸವೆದಿತ್ತು. ಯಜಮಾನ ಮುನೀರ್ ಅವನ ಚಿಕ್ಕಪ್ಪ. ಗಂಡುಮಕ್ಕಳಿಲ್ಲ, ಇರುವವಳು ಲುಬ್ನಾ ಒಬ್ಬಳೇ. ಅಂಗಡಿ ತನಗಲ್ಲದೆ ಇನ್ಯಾರಿಗೆ? ಆದರೆ ಆ ಮಾತೊಂದು ಮುದುಕನ ಬಾಯಿಂದ ಉದುರುತ್ತಿಲ್ಲ. ಕೇಳೋಣವೆಂದರೆ ಬಿಡುವು ಸಿಗುವುದೇ ಚಹಾದ ಹೊತ್ತಿಗೆ. ಸರಿಯಾಗಿ ಆಗಲೇ ಲುಬ್ನಾಳ ಪಾಠ. ಅದೂ ಹಳೆಯದೇ, ಮತ್ತೆ ಮತ್ತೆ. ಕಾಲೇಜಿನಲ್ಲಿ ಅದೇನು ಓದುತ್ತಾಳೋ, ಅವನಿಗೆ ಬೇಕಿರಲಿಲ್ಲ. ಒಪ್ಪಿಸುವುದು ಮಾತ್ರ ಅಪ್ಪನ ಮುಂದೆಯೇ ಆಗಬೇಕು!

"ಕಾಪೆ ವಂಶ, ಅಬ್ಬಾ. ಮೊದಲಿನ ರಾಜರು ತಾವು ಬದುಕಿರುವಾಗ್ಲೇ ಮಗನ ತಲೆಗೆ ಕಿರೀಟ ಇಟ್ಬಿಡ್ತಿದ್ರು. ಎಲ್ರ ಮುಂದೆ. ಆಮೇಲೆ ತಕರಾರೇ ಇಲ್ಲ."

"ಕೊನೆಗೆ?" ಮುನೀರ್ ಸಾಸರಿಗೆ ಚಹಾ ಬಗ್ಗಿಸಿದರು.

"ಕೊನೆಗೆ ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಆಳಿ ಸತ್ರು. ಗಂಡುಮಕ್ಕಳು ಉಳೀಲಿಲ್ಲ. ಹೆಣ್ಮಕ್ಕಳನ್ನ ಪಕ್ಕಕ್ಕೆ ತಳ್ಳಿ ಚಿಕ್ಕಪ್ಪನ ಮಗ ಬಂದು ಕೂತ್ಕೊಂಡ. ವಾಲ್ವಾ ಶಾಖೆ ಅಂತಾರೆ."

ಮುಬೀನನ ಕಿವಿ ನಿಮಿರಿತು. "ನೋಡಿ ಚಾಚಾ, ಅಲ್ಲೂ ಹಂಗೇ!"

"ಆಮೇಲೆ ನೂರು ವರ್ಷ ಯುದ್ಧ," ಎಂದಳು ಲುಬ್ನಾ. ಅಷ್ಟರಲ್ಲಿ ಅವನು ಮತ್ತೆ ಬಟ್ಟೆಗೆ ಬಗ್ಗಿದ್ದ.

ಶುಕ್ರವಾರ ನಮಾಜ್ ಮುಗಿಯುತ್ತಲೇ ಮುನೀರ್ ನೆಂಟರನ್ನೆಲ್ಲ ಅಂಗಡಿಗೆ ಕರೆಸಿದರು. ಕೊರಳಿನಿಂದ ಅಳತೆ ಟೇಪು ತೆಗೆದರು. ಅವರ ಅಪ್ಪ ಅವರಿಗೆ ಹಾಕಿದ್ದ ಟೇಪು ಅದು. ಅದು ಯಾರ ಕೊರಳಿಗೋ ಅಂಗಡಿ ಅವರದು. ಅಂತೂ ಬಂತಲ್ಲ ಗಳಿಗೆ ಎಂದು ಮುಬೀನ್ ಕತ್ತು ಬಗ್ಗಿಸಿ ನಿಂತ.

ಟೇಪು ಲುಬ್ನಾಳ ಕೊರಳಿಗೆ ಬಿತ್ತು.

"ನಾನು ಕಣ್ಮುಚ್ಚಿದ ಮೇಲೆ ಜಗಳ ಬೇಡ. ಬದುಕಿರುವಾಗ್ಲೇ, ಎಲ್ರ ಮುಂದೆ ಕೊಡ್ತಿದ್ದೀನಿ," ಎಂದರು ಮುನೀರ್. "ಕತ್ತರಿ ನಿನ್ದೇ ಮುಬೀನ್. ಅಂಗಡಿ ಇವಳ್ದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನೆಂಟರು ಹೋಗುವವರೆಗೆ ಹೇಗೋ ತಡೆದುಕೊಂಡ ಮುಬೀನ್, ಆಮೇಲೆ ಹೊಟ್ಟೆಯುರಿ ತಾಳದೆ ಕುಟುಕಿದ: "ಇನ್ನೇನಮ್ಮ, ಅಂಗಡಿ ಸಿಕ್ತಲ್ಲ. ಆ ಹಿಸ್ಟರಿ ಪರೀಕ್ಷೆ ಬರೆಯೋದೂ ಬೇಡ ಬಿಡು."

ಲುಬ್ನಾ ಟೇಪು ಸರಿಮಾಡಿಕೊಂಡು ಗಲ್ಲಾದ ಬೀಗ ತೆಗೆದಳು.

"ಹಿಸ್ಟರಿನಾ? ನಾನು ಓದ್ತಿರೋದು ಬಿ.ಕಾಂ. ಅಲ್ವಾ, ಮುಬೀನ್ ಭಾಯ್?"